ಮಳೆ ನಿಂತ ಮೇಲೆ ಮಲಗುವ ಹೂಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಅಂಕಣ ಪೂರ್ತಿ ಸೇವಂತಿಗೆ ಕುಟುಂಬದ ಕಾಡುಹೂಗಳಿಗೆ ಮೀಸಲು. ಅದರಲ್ಲೂ ಚಳಿಗಾಲದಲ್ಲಿ ಮಳೆ ಸುರಿದು ಬೇಸಿಗೆಯಲ್ಲಿ ಹನಿಯೂ ಬೀಳದ ಸೀಮೆಗಳ ಹೂಗಳಿಗೆ. ಭೂಮಿಯ ಮೇಲೆ ಇಂಥ ಹವೆ ಇರುವುದು ಐದು ಕಡೆ: ಮೆಡಿಟರೇನಿಯನ್ ಕಡಲಿನ ಸುತ್ತ, ಕ್ಯಾಲಿಫೋರ್ನಿಯಾ, ಚಿಲಿಯ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ಸೀಮೆ, ಆಸ್ಟ್ರೇಲಿಯಾದ ನೈರುತ್ಯ ಹಾಗೂ ದಕ್ಷಿಣದ ಅಂಚು. ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಕನ್ನಡಿಗರದು. ಉತ್ತರಗಳೂ ಅತ್ತಲೇ ವಾಲಿವೆ.

ಪ್ರಶ್ನೆ: ಯುಗಾದಿ ಮುಗಿಸಿಕೊಂಡು ಏಪ್ರಿಲ್ ಮೂರನೇ ವಾರ ಹಿತ್ತಲಲ್ಲಿ ಕ್ಯಾಲಿಫೋರ್ನಿಯಾ ಕಾಡುಹೂವಿನ ಬೀಜ ಬಿತ್ತಿದೆ. ಪೊಟ್ಟಣದ ಮೇಲೆ ಗೋಲ್ಡ್‌ಫೀಲ್ಡ್ಸ್, ಟೈಡಿಟಿಪ್ಸ್ ಎಂದಿತ್ತು. ದಿನಾ ನೀರು ಹಾಕಿದರೂ ಅಲ್ಲೊಂದು ಇಲ್ಲೊಂದು ಹುಟ್ಟಿ, ಬೆರಳುದ್ದ ಆಗಿ, ಎರಡು ಮೂರು ಹೂ ಬಿಟ್ಟು ಜೂನ್‌ನಲ್ಲಿ ಸುಟ್ಟುಹೋದವು. ಬೀಜ ಹಳೆಯದಿತ್ತೇ?
— ಫ್ರೀಮಾಂಟ್

ಉತ್ತರ: ಬೀಜದ್ದಲ್ಲ, ತಿಂಗಳಿನ ತಪ್ಪು. ನೀವು ಮುಂಗಾರಿನ ಲೆಕ್ಕ ಹಿಡಿದಿದ್ದೀರಿ. ಬಿಸಿಲು ಏರಿದ ಮೇಲೆ ಮಳೆ, ಮಳೆ ಬಿದ್ದ ಮೇಲೆ ಬಿತ್ತನೆ ಎನ್ನುವ ಲೆಕ್ಕ ಅದು. ನಿಮ್ಮ ಊರಿನಲ್ಲಿ ಮಳೆಯ ಬಹುಪಾಲು ನವೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಯುತ್ತದೆ. ಮೇ ನಡುವಿನಿಂದ ಅಕ್ಟೋಬರ್ ತನಕ ನೆಲ ಒಣಗಿಯೇ ಇರುತ್ತದೆ. ಅಲ್ಲಿನ ಒಂದು ವರ್ಷದ ಗಿಡ ಮೊದಲ ಮಳೆಗೆ ಮೊಳೆತು, ಚಳಿಗಾಲ ಪೂರ್ತಿ ನೆಲಕ್ಕೆ ಅಂಟಿಕೊಂಡು ಬೇರು ಇಳಿಸಿ, ಫೆಬ್ರವರಿ–ಮಾರ್ಚ್‌ನಲ್ಲಿ ದಿನ ಉದ್ದವಾದಂತೆ ಎದ್ದು ಹೂ ಬಿಟ್ಟು, ಮೇ ಕೊನೆಯ ಹೊತ್ತಿಗೆ ಬೀಜ ಉದುರಿಸಿ ಸಾಯುತ್ತದೆ. ಏಪ್ರಿಲ್‌ನಲ್ಲಿ ಮೊಳೆತ ನಿಮ್ಮ ಗಿಡಕ್ಕೆ ಬೇರಿಳಿಸಲು ಸಿಗಬೇಕಿದ್ದ ನಾಲ್ಕು ತಿಂಗಳು ಸಿಗಲಿಲ್ಲ. ಹಗಲು ಆಗಲೇ ಉದ್ದವಾಗಿತ್ತು. ಅದು ಬೆರಳುದ್ದಕ್ಕೇ ಅವಸರದಲ್ಲಿ ಹೂ ಬಿಟ್ಟಿತು. ಹುಟ್ಟದ ಬೀಜಗಳಿಗೂ ಕಾರಣ ಇದೆ: ಮೊಳೆಯಲು ಇವಕ್ಕೆ ತಂಪು ಮಣ್ಣು ಬೇಕು, ಸುಮಾರು 10ರಿಂದ 20 ಡಿಗ್ರಿ ಸೆಲ್ಸಿಯಸ್.

ಬಯಲುಸೀಮೆಯವರಿಗೆ ಇದು ಹೊಸದೇನಲ್ಲ. ವಿಜಯಪುರ, ಬಾಗಲಕೋಟೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವುದು ಹೀಗೆಯೇ, ನೆಲದಲ್ಲಿ ನಿಂತ ಹಸಿಯ ಮೇಲೆ. ನೀವೂ ದಸರೆ ಹೊತ್ತಿಗೆ ನೆಲ ಹಸನು ಮಾಡಿಟ್ಟು ದೀಪಾವಳಿ ಆಸುಪಾಸಿನಲ್ಲಿ, ಹವಾಮಾನದವರು ಮೊದಲ ದೊಡ್ಡ ಮಳೆ ಹೇಳಿದ ವಾರ, ಬಿತ್ತಿ. ಉಳಿದ ಬೀಜ ಎಸೆಯಬೇಡಿ. ಕಾಗದದ ಕವರಿನಲ್ಲಿ ತಂಪಾದ ಒಣ ಜಾಗದಲ್ಲಿ ಇಟ್ಟರೆ ಈ ನವೆಂಬರ್‌ಗೆ ಬಳಸಬಹುದು.

ಪ್ರಶ್ನೆ: ನಾವು ಸರಿಯಾಗಿ ನವೆಂಬರ್‌ನಲ್ಲೇ ಬಿತ್ತಿದ್ದೇವೆ, ಎರಡು ವರ್ಷದಿಂದ. ಹಿತ್ತಲಿನ ಹತ್ತು ಚದರ ಮೀಟರ್ ಜಾಗ, ಜೇಡಿಮಣ್ಣು. ಎರಡೂ ಸಲ ಮೊಣಕಾಲೆತ್ತರ ಹುಲ್ಲು ಬಂತು, ಹೂ ಬರಲಿಲ್ಲ. ಕಳೆದ ಸಲ ಕೋಳಿಗೊಬ್ಬರವನ್ನೂ ಹಾಕಿದ್ದೆವು.
— ಸ್ಯಾನ್ ಹೋಸೆ

ಉತ್ತರ: ಆ ಕೋಳಿಗೊಬ್ಬರ ಹುಲ್ಲಿಗೆ ಹಬ್ಬವಾಯಿತು. ಈಗ ಕ್ಯಾಲಿಫೋರ್ನಿಯಾದ ಗುಡ್ಡಗಳನ್ನು ಮುಚ್ಚಿರುವ ಹುಲ್ಲಿನಲ್ಲಿ ಬಹುಪಾಲು ಮೆಡಿಟರೇನಿಯನ್ ಕಡೆಯಿಂದ ಬಂದ ಕಾಡು ಓಟ್ಸ್, ಬ್ರೋಮ್, ರೈಗ್ರಾಸ್ ಜಾತಿಗಳು. ಸಾರಜನಕ ಸಿಕ್ಕಿದರೆ ಅವು ಹೂಗಿಡಕ್ಕಿಂತ ಬೇಗ ಎತ್ತರಕ್ಕೆ ಹೋಗಿ ನೆರಳು ಕವಿಸುತ್ತವೆ. ಎರಡು ಬೆರಳೆತ್ತರದ ಗೋಲ್ಡ್‌ಫೀಲ್ಡ್ಸ್ ಸಸಿ ಆ ನೆರಳಲ್ಲಿ ಬದುಕುವುದಿಲ್ಲ.

ಗೋಲ್ಡ್‌ಫೀಲ್ಡ್ಸ್ ಇವತ್ತಿಗೂ ಚಿನ್ನದ ಹಾಸಿನಂತೆ ಅರಳುವ ಜಾಗಗಳನ್ನು ನೋಡಿದರೆ ವಿಷಯ ಸ್ಪಷ್ಟ. ನಿಮ್ಮ ಊರಿನ ದಕ್ಷಿಣಕ್ಕಿರುವ ಕಯೋಟಿ ರಿಜ್, ಸ್ಯಾನ್ ಮಟೇಯೊ ಕೌಂಟಿಯ ಎಜ್‌ವುಡ್ ಇವೆಲ್ಲ ಸರ್ಪೆಂಟೈನ್ ಕಲ್ಲಿನ ಬಡ ಮಣ್ಣು. ಸಾರಜನಕ, ಸುಣ್ಣದ ಅಂಶ ಕಡಿಮೆ, ಮೆಗ್ನೀಷಿಯಂ, ನಿಕ್ಕಲ್ ಜಾಸ್ತಿ. ಹುಲ್ಲಿಗೆ ಅಲ್ಲಿ ಊಟವಿಲ್ಲ, ಹೂವಿಗೆ ಅಷ್ಟೇ ಸಾಕು. ಹೆದ್ದಾರಿಯ ವಾಹನಗಳ ಹೊಗೆಯಿಂದ ಸಾರಜನಕ ಬಂದು ಆ ಮಣ್ಣಿನ ಮೇಲೆ ಕೂತು ಅಲ್ಲೂ ರೈಗ್ರಾಸ್ ಹೆಚ್ಚುತ್ತಿದೆ. ಅದಕ್ಕೇ ಕಯೋಟಿ ರಿಜ್ ಮೇಲೆ ಬೇಕೆಂದೇ ದನ ಮೇಯಿಸುತ್ತಾರೆ. ದನ ಹುಲ್ಲನ್ನು ಆಯ್ದು ತಿಂದರೆ ಹೂವಿಗೂ, ಅದರ ಮಕರಂದ ನಂಬಿದ ಬೇ ಚೆಕರ್‌ಸ್ಪಾಟ್ ಚಿಟ್ಟೆಗೂ ಉಳಿಗಾಲ.

ನಿಮ್ಮ ಹತ್ತು ಚದರ ಮೀಟರಿಗೆ ದನ ಬೇಡ, ತಾಳ್ಮೆ ಸಾಕು. ಗೊಬ್ಬರ, ಕಾಂಪೋಸ್ಟ್ ಯಾವುದೂ ಬೇಡ. ಸೆಪ್ಟೆಂಬರ್ ಕೊನೆಗೆ ಒಣಹುಲ್ಲು ಕೆರೆದು ತೆಗೆದು ನೆಲವನ್ನು ಚೆನ್ನಾಗಿ ನೆನೆಸಿ. ಮಳೆಯೇ ಬಂತೆಂದು ಕಳೆಬೀಜ ಹತ್ತು ಹದಿನೈದು ದಿನದಲ್ಲಿ ಮೊಳೆಯುತ್ತದೆ. ಎರಡೆಲೆ ಆದ ಕೂಡಲೇ ಕುರುಪಿಯಿಂದ ಮೇಲ್ಮಣ್ಣನ್ನು ಅರ್ಧ ಅಂಗುಲ ಮಾತ್ರ ಕೆರೆದು ಕೊಲ್ಲಿ. ಆಳಕ್ಕೆ ಅಗೆದರೆ ಅಡಿಯಲ್ಲಿ ಮಲಗಿದ್ದ ಹೊಸ ಕಳೆಬೀಜ ಮೇಲೆ ಬರುತ್ತದೆ, ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಮತ್ತೆ ನೀರು, ಮತ್ತೆ ಕೆರೆತ. ಎರಡು ಸುತ್ತು ಕಡ್ಡಾಯ, ಮೂರಾದರೆ ಒಳ್ಳೆಯದು. ನಿಮ್ಮಲ್ಲಿ ಕಳೆ ತೀರಾ ಹೆಚ್ಚಾದ್ದರಿಂದ ಇನ್ನೊಂದು ದಾರಿಯೂ ಉಂಟು: ಜೂನ್–ಜುಲೈನಲ್ಲಿ ನೆಲವನ್ನು ಒಂದಡಿ ಆಳ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಲ್ಲಿ ಹೂತು ಆರು ವಾರ ಬಿಡಿ. ಕಪ್ಪು ಹಾಳೆ ಈ ಕೆಲಸಕ್ಕೆ ಅಷ್ಟು ಬರುವುದಿಲ್ಲ. ಅದು ತಾನು ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ.

ಬಿತ್ತನೆಗೆ ಚದರ ಮೀಟರಿಗೆ ಒಂದು ಗ್ರಾಂ ಬೀಜ ಧಾರಾಳ. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಒಣಮರಳು ಬೆರೆಸಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ. ಬಿಳಿ ಮರಳಾದರೆ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಬೀಜ ಎರಡು ಮೂರು ಮಿಲಿಮೀಟರಿಗಿಂತ ಆಳ ಹೋಗಬಾರದು. ರೇಕ್‌ನ ಬೆನ್ನಿಂದ ಸವರಿ, ಹಲಗೆ ಇಟ್ಟು ಮೇಲೆ ನಿಂತು ಅದುಮಿ. ಮೊಳೆಯುವ ತನಕ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳಿ. ಆಮೇಲೆ ಮಳೆ ಹತ್ತು ದಿನಕ್ಕಿಂತ ಹೆಚ್ಚು ಕೈಕೊಟ್ಟರೆ ಮಾತ್ರ ನೀರು.

ಇಲ್ಲಿಂದ ಮುಂದೆ ಕೆಡುವುದು ಎರಡು ಕಡೆ. ಚಳಿಗಾಲಕ್ಕೆ ಉತ್ತರದಿಂದ ಇಳಿದು ಬರುವ ತಲೆಪಟ್ಟೆಯ ಗುಬ್ಬಿಗಳು ಸಸಿಯ ಎಲೆಯನ್ನು ಬುಡಕ್ಕೇ ಕತ್ತರಿಸಿ ತಿನ್ನುತ್ತವೆ, ಹಾಗಾಗಿ ಮೊದಲ ಆರು ವಾರ ಬಲೆ ಕಟ್ಟಿ. ಮತ್ತೊಂದು, ಕಳೆ ಎಂದು ಸಸಿಯನ್ನೇ ಕಿತ್ತುಹಾಕುವುದು. ಗೋಲ್ಡ್‌ಫೀಲ್ಡ್ಸ್ ಸಸಿ ದೂರಕ್ಕೆ ಹುಲ್ಲಿನಂತೆಯೇ ಕಾಣುತ್ತದೆ. ಎಲೆ ದಾರದಷ್ಟು ಸಪೂರ. ಬಗ್ಗಿ ನೋಡಿ: ಎಲೆಗಳು ಎದುರುಬದುರು ಜೋಡಿಯಾಗಿದ್ದರೆ ಅದು ಹೂಗಿಡ. ಹುಲ್ಲಿನಲ್ಲಿ ಒಂದರ ಮೇಲೊಂದು ಒರೆಯಿಂದ ಹೊರಡುತ್ತವೆ. ಟೈಡಿಟಿಪ್ಸ್‌ನ ಎಲೆ ಕೊಂಚ ಅಗಲ, ರೋಮ ಇರುತ್ತದೆ, ಅಂಚು ಕಚ್ಚುಕಚ್ಚು.

ಹೂ ಮುಗಿದು ಗಿಡ ಕಂದಾದಾಗ ಅಂದ ಕೆಟ್ಟಿತೆಂದು ಕೊಯ್ಯಬೇಡಿ. ಜೂನ್ ಕೊನೆಯ ತನಕ ನಿಲ್ಲಲಿ, ಬೀಜ ತಾನೇ ಉದುರುತ್ತದೆ. ಮುಂದಿನ ವರ್ಷ ಪೊಟ್ಟಣ ಕೊಳ್ಳುವ ಖರ್ಚು ಉಳಿದೀತು.

ಪ್ರಶ್ನೆ: ನಮ್ಮ ಕನ್ನಡ ತರಗತಿಯ ಮಕ್ಕಳು ಗೋಲ್ಡ್‌ಫೀಲ್ಡ್ಸ್ ಹೂವಿನ ದಳ ಎಣಿಸಿದರು. ಒಬ್ಬರಿಗೆ 8, ಒಬ್ಬರಿಗೆ 10, ಇನ್ನೊಬ್ಬರಿಗೆ 12 ಬಂತು. ಸರಿ ಉತ್ತರ ಯಾವುದು?
— ಮೌಂಟನ್ ವ್ಯೂ

ಉತ್ತರ: ಮೂರೂ ಸರಿ. ಅವರು ಎಣಿಸಿದ್ದು ದಳವನ್ನಲ್ಲ, ಹೂವನ್ನು. ಸೇವಂತಿಗೆ ಕುಟುಂಬದಲ್ಲಿ ನಾವು ಒಂದು ಹೂ ಎನ್ನುವುದು ಒಂದು ಬುಟ್ಟಿ, ಒಳಗೆ ಹತ್ತಾರು ಕಿರುಹೂಗಳು. ಅಂಚಿನಲ್ಲಿ ನಾಲಗೆಯಂತೆ ಚಾಚಿದ್ದು ಒಂದೊಂದೂ ಒಂದೊಂದು ಹೂ. ಗೋಲ್ಡ್‌ಫೀಲ್ಡ್ಸ್‌ನಲ್ಲಿ ಅವು ಸಾಮಾನ್ಯವಾಗಿ 6ರಿಂದ 13 ಇರುತ್ತವೆ. ನಡುವಿನ ಹಳದಿ ಗುಬುಟು ಕೊಳವೆ ಹೂಗಳ ಗುಂಪು.

ಮಕ್ಕಳಿಗೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಕೊಡಿ. ಹೂವನ್ನು ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಎರಡು ಹೋಳು ಮಾಡಿ (ಬ್ಲೇಡು ದೊಡ್ಡವರ ಕೈಯಲ್ಲಿರಲಿ). ಕಿರುಹೂಗಳು ಕೂತಿರುವ ಪೀಠ ಚಪ್ಪಟೆಯಾಗಿರದೆ ಪುಟ್ಟ ಗೋಪುರದಂತಿರುತ್ತದೆ. ಒಂದು ಕೊಳವೆ ಹೂವನ್ನು ಸೂಜಿಯಿಂದ ಬಿಡಿಸಿದರೆ ಐದು ಮೂಲೆಯ ಬಾಯಿ, ಒಳಗೆ ಐದು ಕೇಸರಗಳು ಅಂಟಿಕೊಂಡು ಆದ ಒಂದು ಕೊಳಾಯಿ. ಪರಾಗ ಉದುರುವುದು ಆ ಕೊಳಾಯಿಯ ಒಳಗೋಡೆಗೆ. ಶಲಾಕೆ ಅಡಿಯಿಂದ ಬೆಳೆಯುತ್ತಾ, ಪಿಚಕಾರಿಯ ದಂಡದಂತೆ, ಪರಾಗವನ್ನು ಮೇಲಕ್ಕೆ ದೂಡುತ್ತದೆ. ದೂಡಿ ಆದ ಮೇಲೆ ತಾನು ಎರಡಾಗಿ ಸೀಳಿ ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಬುಟ್ಟಿಯಲ್ಲಿ ಹೊರಗಿನ ಸುತ್ತು ಮೊದಲು ಅರಳುತ್ತದೆ, ನಡು ಕೊನೆಗೆ. ಒಂದೇ ಬುಟ್ಟಿಯಲ್ಲಿ ಮೂರೂ ಹಂತ ಸಿಗುತ್ತವೆ.

ಹೂ ಮಾತ್ರ ನಿಮ್ಮ ಹಿತ್ತಲಿನದೇ ಆಗಿರಲಿ. ಪಾರ್ಕಿನಲ್ಲಿ ಕೀಳುವಂತಿಲ್ಲ. ಸರಕಾರಿ ಜಾಗದಲ್ಲಾಗಲಿ ಇನ್ನೊಬ್ಬರ ಜಮೀನಿನಲ್ಲಾಗಲಿ ಲಿಖಿತ ಅನುಮತಿ ಇಲ್ಲದೆ ಗಿಡ ಕೀಳುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ಪ್ರಶ್ನೆ: ಗುಡ್ಡದ ತಪ್ಪಲಲ್ಲಿ ಅರ್ಧ ಎಕರೆ ಜಾಗದ ಮನೆ ಕೊಂಡಿದ್ದೇವೆ. ಜೂನ್ ಆದಂತೆ ಜಾಗದ ತುಂಬಾ ಹಳದಿ ಹೂವಿನ ಮುಳ್ಳುಗಿಡ. ಗದಗಿನಿಂದ ಬಂದಿರುವ ಅತ್ತೆ ನೋಡಿ "ಇದು ಕುಸುಬಿ ಅಲ್ಲೇನ" ಎಂದರು. ಪಕ್ಕದವರು ಕುದುರೆ ಸಾಕಿದ್ದಾರೆ, ಬೇಗ ತೆಗೆಸಿ ಎನ್ನುತ್ತಿದ್ದಾರೆ. ಬೀಜ ಒಣಗಿದ ಮೇಲೆ ಒಂದೇ ಸಲ ಕತ್ತರಿಸಿದರೆ ಆಗದೇ?
— ಸ್ಯಾಕ್ರಮೆಂಟೊ ಪೂರ್ವಕ್ಕೆ

ಉತ್ತರ: ಅತ್ತೆಯವರ ಕಣ್ಣು ಚುರುಕಾಗಿದೆ. ಕುಸುಬೆಯಲ್ಲ, ಆದರೆ ಅದರ ದಾಯಾದಿ: ಯೆಲ್ಲೋ ಸ್ಟಾರ್‌ಥಿಸಲ್, ಶಾಸ್ತ್ರದ ಹೆಸರು ಸೆಂಟೋರಿಯಾ ಸಾಲ್‌ಸ್ಟಿಷಿಯಾಲಿಸ್. ಸೇವಂತಿಗೆ ಕುಟುಂಬದೊಳಗೆ ಎರಡೂ ಒಂದೇ ಕವಲಿಗೆ ಸೇರಿದವು. ಗುರುತು ಹೀಗೆ. ಕುಸುಬೆಯಲ್ಲಿ ಮುಳ್ಳಿರುವುದು ಎಲೆಯ ಅಂಚಿಗೆ ಮತ್ತು ಹೂಬುಟ್ಟಿಯ ಸುತ್ತ ಎಲೆಯಂತೆ ಚಾಚಿದ ಪತ್ರಗಳಿಗೆ. ಹೂ ಕೇಸರಿಗೆ ತಿರುಗುತ್ತದೆ, ಕಾಂಡ ನುಣ್ಣಗೆ ಬೆಳ್ಳಗೆ. ಸ್ಟಾರ್‌ಥಿಸಲ್‌ನ ಎಲೆಯಲ್ಲಿ ಮುಳ್ಳಿಲ್ಲ. ಹೂಬುಟ್ಟಿಯ ಅಡಿಯಿಂದ ನಕ್ಷತ್ರದಂತೆ ಸುತ್ತಲೂ ಒಣಹುಲ್ಲಿನ ಬಣ್ಣದ ಉದ್ದ ಮುಳ್ಳು, ಒಂದೊಂದೂ ಒಂದರಿಂದ ಎರಡು ಸೆಂಟಿಮೀಟರಿಗೂ ಮೇಲೆ. ಗಿಡ ಪೂರ್ತಿ ಬೂದು ಹತ್ತಿಯಂಥ ರೋಮ, ಕಾಂಡಕ್ಕೆ ಎಲೆಯ ಅಂಚೇ ರೆಕ್ಕೆಯಂತೆ ಇಳಿದಿರುತ್ತದೆ.

ಮೆಡಿಟರೇನಿಯನ್ ಸೀಮೆಯ ಈ ಗಿಡ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ತಾಯಿಬೇರು ಒಂದು ಮೀಟರಿಗಿಂತ ಆಳ ಇಳಿಯುತ್ತದೆ. ಹುಲ್ಲು ಒಣಗಿದ ಮೇಲೂ ಆಳದ ಹಸಿ ಹೀರಿ ಬೇಸಿಗೆಯಲ್ಲಿ ಹಸಿರಾಗಿಯೇ ನಿಲ್ಲುತ್ತದೆ. ನೆರೆಯವರ ಗಾಬರಿ ಸುಳ್ಳಲ್ಲ. ಕುದುರೆ ಇದನ್ನು ವಾರಗಟ್ಟಲೆ ತಿಂದರೆ ಮಿದುಳಿನ ಒಂದು ಭಾಗ ಸತ್ತು, ಬಾಯಿ ಬಿಗಿದು, ಮೇವು ನುಂಗಲಾಗದೆ ಹಸಿವಿನಿಂದ ಸಾಯುತ್ತದೆ. ಅದಕ್ಕೆ ಮದ್ದಿಲ್ಲ. ದನ, ಕುರಿ, ಆಡಿಗೆ ಈ ರೋಗ ಬರುವುದಿಲ್ಲ. ಮುಳ್ಳು ಬರುವ ಮೊದಲು ಆಡು ಬಿಟ್ಟು ಮೇಯಿಸುವುದೂ ಒಂದು ಉಪಾಯವೇ.

ಬೀಜ ಒಣಗಿದ ಮೇಲೆ ಕತ್ತರಿಸಿದರೆ ನೀವೇ ಬಿತ್ತನೆ ಮಾಡಿದಂತೆ. ಹೂ ಅರಳಲು ಶುರುವಾಗಿ ಎಂಟು ದಿನ ಸಾಕು, ಒಳಗೆ ಮೊಳೆಯಬಲ್ಲ ಬೀಜ ತಯಾರು. ಹೂಬುಟ್ಟಿಗಳಲ್ಲಿ ನೂರಕ್ಕೆ ಎರಡರಿಂದ ಐದು ಮಾತ್ರ ಹಳದಿ ತೋರಿಸಿದಾಗ ಕತ್ತರಿಸಬೇಕು. ಅದಕ್ಕೂ ಮೊದಲು ಕತ್ತರಿಸಿದರೆ ಗಿಡ ಬುಡದಿಂದ ಕವಲೊಡೆದು ಇನ್ನಷ್ಟು ತಗ್ಗಿನಲ್ಲಿ ಹೂ ಬಿಡುತ್ತದೆ, ಮುಂದೆ ಯಂತ್ರಕ್ಕೇ ಸಿಗುವುದಿಲ್ಲ. ನೆಲದಿಂದ ನಾಲ್ಕು ಅಂಗುಲಕ್ಕಿಂತ ಕಡಿಮೆ ಎತ್ತರದಲ್ಲಿ, ಅತಿ ಕೆಳಗಿನ ಕವಲಿಗೂ ಅಡಿಯಲ್ಲಿ ಕತ್ತರಿಸಿ. ನಾಲ್ಕು ವಾರದ ನಂತರ ಇನ್ನೊಮ್ಮೆ. ಮೊದಲಿಂದಲೇ ನೆಲಕ್ಕೆ ಹರಡಿಕೊಂಡು ಬೆಳೆದ ಗಿಡಗಳಿಗೆ ಈ ಉಪಾಯ ನಡೆಯದು. ಅವನ್ನು ಮಾರ್ಚ್–ಏಪ್ರಿಲ್‌ನಲ್ಲಿ ನೆಲ ಮೆತ್ತಗಿರುವಾಗ ಬೇರಿನ ಎರಡು ಅಂಗುಲ ಸಮೇತ ಕಿತ್ತರೆ ಮತ್ತೆ ಚಿಗುರುವುದಿಲ್ಲ. ಒಂದು ಎಚ್ಚರಿಕೆ: ಒಣಹುಲ್ಲಿನ ನಡುವೆ ಯಂತ್ರದ ಲೋಹದ ಅಲಗು ಕಲ್ಲಿಗೆ ತಗುಲಿದರೆ ಕಿಡಿ, ಕಿಡಿಯಿಂದ ಕಾಡ್ಗಿಚ್ಚು. ಬೆಳಿಗ್ಗೆ ಹತ್ತರೊಳಗೆ, ಗಾಳಿ ಇಲ್ಲದ ದಿನ, ಪಕ್ಕದಲ್ಲಿ ನೀರಿನ ಪೈಪು ಇಟ್ಟುಕೊಂಡು ಕೆಲಸ ಮುಗಿಸಿ.

ಮಣ್ಣಲ್ಲಿ ಬಿದ್ದ ಬೀಜ ಬಹುಪಾಲು ಮೂರು ವರ್ಷದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಮೂರು ವರ್ಷ ಒಂದು ಗಿಡವನ್ನೂ ಬೀಜಕ್ಕೆ ಬಿಡಬೇಡಿ. ಎರಡನೇ ವರ್ಷ ಕಡಿಮೆಯಾಯಿತೆಂದು ಕೈಬಿಟ್ಟವರೇ ಜಾಸ್ತಿ, ನಾಲ್ಕನೇ ವರ್ಷ ಅವರ ಜಾಗ ಮತ್ತೆ ಹಳದಿ. ಜೇನು ಸಾಕುವವರು ನಿಮ್ಮ ಮೇಲೆ ಮುನಿಸಿಕೊಂಡಾರು. ಆ ಹೂವಿನ ಜೇನು ನಿಜಕ್ಕೂ ರುಚಿ.

ಹಾಗೆಂದು ಮುಳ್ಳುಗಿಡವೆಲ್ಲ ವೈರಿಯಲ್ಲ. ಜೇಡರ ಬಲೆ ಸುತ್ತಿದಂಥ ಬಿಳಿ ಎಳೆಗಳ ಬುಟ್ಟಿ, ಕೆಂಪು ಅಥವಾ ನೇರಳೆ ಹೂ ಇದ್ದರೆ ಅದು ಕಾಬ್‌ವೆಬ್ ಥಿಸಲ್, ಅಲ್ಲಿಯದೇ ಗಿಡ, ಬಿಟ್ಟುಬಿಡಿ.

ಪ್ರಶ್ನೆ: ನರ್ಸರಿಯಿಂದ ತಂದ ಎರಡು ಎನ್ಸೀಲಿಯಾ ಗಿಡಗಳನ್ನು (ಹಳದಿ ಹೂವಿನ ಇಲ್ಲಿನ ಪೊದೆ) ಮೇ ತಿಂಗಳಲ್ಲಿ ನೆಟ್ಟು ಡ್ರಿಪ್ ಕೊಟ್ಟೆವು, ದಿನಾ ಹತ್ತು ನಿಮಿಷ. ಜುಲೈನ ಬಿಸಿ ವಾರದಲ್ಲಿ ಒಂದು ಬಾಡಿತು. ನೀರು ಸಾಲದೆಂದು ಇಪ್ಪತ್ತು ನಿಮಿಷ ಮಾಡಿದೆವು. ನಾಲ್ಕೇ ದಿನದಲ್ಲಿ ಸತ್ತಿತು. ಇನ್ನೊಂದು ಎಲೆ ಉದುರಿಸುತ್ತಿದೆ. ಉಳಿಸುವುದು ಹೇಗೆ?
— ಸನಿವೇಲ್

ಉತ್ತರ: ಮೊದಲು ಡ್ರಿಪ್ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ಸತ್ತ ಗಿಡವನ್ನು ಕಿತ್ತು ಬುಡದ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ–ಹಸಿರಿನ ಬದಲು ಕಂದು ಇದ್ದು, ಸಣ್ಣ ಬೇರನ್ನು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ನಡುವಿನ ನಾರು ಮಾತ್ರ ಉಳಿದರೆ ಅದು ಬೇರುಕೊಳೆ. ಮಾಡುವುದು ಫೈಟಾಫ್ತೊರಾ ಎಂಬ ಜೀವಿ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಬಳಗ. ಅದಕ್ಕೆ ಬೇಕಾದ್ದು ಎರಡೇ: ಬೆಚ್ಚಗಿನ ಮಣ್ಣು ಮತ್ತು ನಿಂತ ತೇವ. ಒಣಬೇಸಿಗೆಯ ನಾಡಿನಲ್ಲಿ ಇವೆರಡೂ ಒಟ್ಟಿಗೆ ಬರುವುದೇ ಇಲ್ಲ. ತೇವ ಇರುವಾಗ ಚಳಿ, ಬೆಚ್ಚಗಾದಾಗ ಒಣ. ಹಾಗಾಗಿ ಅಲ್ಲಿನ ಪೊದೆಗಳಿಗೆ ಅದನ್ನು ತಡೆಯುವ ಅಭ್ಯಾಸವಿಲ್ಲ. ದಿನಾ ಹನಿಸುವ ಡ್ರಿಪ್ ಎರಡನ್ನೂ ಜೊತೆಮಾಡಿ ಕೊಟ್ಟಿತು. ಮೋಸ ಎಲ್ಲಿದೆ ಎಂದರೆ, ಕೊಳೆತ ಬೇರು ನೀರು ಎತ್ತಲಾರದೆ ಎಲೆ ಬಾಡುತ್ತದೆ, ನೋಡಿದವರಿಗೆ ಬಾಯಾರಿಕೆ ಎನಿಸುತ್ತದೆ.

ಉಳಿದ ಗಿಡ ರೋಗದಿಂದಲೇ ಎಲೆ ಉದುರಿಸುತ್ತಿದೆ ಎನ್ನಬೇಕಿಲ್ಲ. ಬೇಸಿಗೆಯಲ್ಲಿ ಎಲೆ ಚೆಲ್ಲಿ ಮಲಗುವುದು ಎನ್ಸೀಲಿಯಾದ ಸಹಜ ಸ್ವಭಾವ. ಕ್ಯಾಲಿಫೋರ್ನಿಯಾ ಸೇಜ್‌ಬ್ರಷ್ ಚಳಿಗಾಲದ ದೊಡ್ಡ ಎಲೆ ಬಿಟ್ಟು ಪುಟ್ಟ ಎಲೆ ಇಟ್ಟುಕೊಳ್ಳುತ್ತದೆ. ದಕ್ಷಿಣದ ಚಾನೆಲ್ ದ್ವೀಪಗಳ ಜಯಂಟ್ ಕೊರಿಯಾಪ್ಸಿಸ್ ಆಳೆತ್ತರದ ಬೋಳು ಕಂಬವಾಗಿ ಸತ್ತಂತೆಯೇ ನಿಂತು, ಮಳೆ ಬಂದ ಮೇಲೆ ತಲೆತುಂಬಾ ಹಳದಿ ಹೊರುತ್ತದೆ. ಕಡ್ಡಿ ಬಗ್ಗಿಸಿ ನೋಡಿ, ಬಾಗಿದರೆ ಜೀವವಿದೆ. ಉದ್ದದ ಸ್ಕ್ರೂಡ್ರೈವರನ್ನು ಬುಡದಿಂದ ಒಂದಡಿ ದೂರ ಮಣ್ಣಿಗೆ ಚುಚ್ಚಿ. ಸಲೀಸಾಗಿ ಇಳಿದು ತುದಿಗೆ ಮಣ್ಣು ಅಂಟಿದರೆ ನೀರು ಬೇಡ. ನಾಲ್ಕು ಅಂಗುಲಕ್ಕೇ ತಡೆದರೆ, ಸೆಖೆ ತಗ್ಗಿದ ದಿನ ನೋಡಿ, ಬೆಳಗಿನ ಜಾವ, ಒಂದಡಿ ಆಳ ಇಳಿಯುವಷ್ಟು ಒಮ್ಮೆ ಹಾಕಿ. ಮೊದಲ ಬೇಸಿಗೆಗೆ ಹತ್ತು–ಹದಿನಾಲ್ಕು ದಿನಕ್ಕೊಮ್ಮೆ, ಎರಡನೆಯದಕ್ಕೆ ತಿಂಗಳಿಗೊಮ್ಮೆ ಸಾಕು.

ಸತ್ತದರ ಜಾಗಕ್ಕೆ ಹೊಸದನ್ನು ನವೆಂಬರ್‌ನಲ್ಲಿ ನೆಡಿ, ಹಳೆಯ ಗುಣಿಯಿಂದ ಒಂದು ಮೀಟರಾದರೂ ದೂರ. ಗುಣಿ ಕುಂಡದಷ್ಟೇ ಆಳ, ಬೇರು–ಕಾಂಡ ಸೇರುವ ಜಾಗ ನೆಲಕ್ಕಿಂತ ಒಂದಂಗುಲ ಮೇಲೆ. ತರಗೆಲೆ, ಮರದ ಚಕ್ಕೆ ಹೊದಿಸುವುದಾದರೆ ಕಾಂಡದ ಸುತ್ತ ಒಂದು ಗೇಣು ಬಿಟ್ಟು.

ಪ್ರಶ್ನೆ: ಆಗಸ್ಟ್‌ನಲ್ಲಿ ಗುಡ್ಡದ ದಾರಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಅರಳಿದ್ದ ಹಳದಿ ಹೂಗಳು ವಾಪಸು ಬರುವಾಗ, ಮಧ್ಯಾಹ್ನ ಒಂದಕ್ಕೆ, ಎಲ್ಲ ಮುದುಡಿದ್ದವು. ಮುಟ್ಟಿದರೆ ಅಂಟಂಟು, ಗಾಢ ವಾಸನೆ. ಕೆಲವರು ಇದು ಕಿತ್ತು ಹಾಕಬೇಕಾದ ಕಳೆ ಎಂದರು.
— ಡಬ್ಲಿನ್, ಕ್ಯಾಲಿಫೋರ್ನಿಯಾ

ಉತ್ತರ: ಕೀಳಬೇಡಿ. ಮಧ್ಯಾಹ್ನ ಮುದುಡಿ ಸಂಜೆ ಮತ್ತೆ ಅರಳುವುದು ಮೇಡಿಯಾ, ಟಾರ್‌ವೀಡ್ ಗುಂಪಿನ, ಅಲ್ಲಿಯದೇ ಹೂ. ಅಂಚಿನ ಕಿರುಹೂ ದೊಡ್ಡದು, ತುದಿ ಮೂರು ಸೀಳು, ಬುಡದಲ್ಲಿ ಹಲವೊಮ್ಮೆ ಕಡುಗೆಂಪು ಮಚ್ಚೆ. ವಾಸನೆ ಅನಾನಸ್ ನೆನಪಿಸುತ್ತದೆ. ಮೂಲನಿವಾಸಿಗಳು ಇದರ ಬೀಜ ಹುರಿದು ಹಿಟ್ಟು ಮಾಡಿ ತಿನ್ನುತ್ತಿದ್ದರು. ಈ ಗುಂಪಿನದೊಂದು ಗಿಡ ಲಕ್ಷಾಂತರ ವರ್ಷಗಳ ಹಿಂದೆ ಹೇಗೋ ಕಡಲು ದಾಟಿ ಹವಾಯಿ ಸೇರಿತು. ಹಾಲೆಯಾಕಲಾ ಜ್ವಾಲಾಮುಖಿಯ ಮೇಲೆ ಬೆಳ್ಳಿಯ ಮುದ್ದೆಯಂತೆ ಕೂತಿರುವ ಸಿಲ್ವರ್‌ಸ್ವೋರ್ಡ್ ಅದರ ವಂಶ.

ನಿಮಗೆ ಹೇಳಿದವರು ಬಹುಶಃ ಸ್ಟಿಂಕ್‌ವರ್ಟ್ ಜೊತೆ ಗೊಂದಲ ಮಾಡಿಕೊಂಡಿದ್ದಾರೆ. ಅದೂ ಅಂಟು, ಅದೂ ಹಳದಿ, ಅದೂ ಇದೇ ಕುಟುಂಬ. ಆದರೆ ಮೆಡಿಟರೇನಿಯನ್ನಿನಿಂದ ಬಂದದ್ದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೊದಲು ದಾಖಲಿಸಿದ್ದು 1984ರಲ್ಲಿ, ಸಾಂತಾ ಕ್ಲಾರಾ ಕೌಂಟಿಯಲ್ಲಿ. ಅದರ ಹೂಬುಟ್ಟಿ ಕೊತ್ತಂಬರಿ ಕಾಳಿಗಿಂತ ಸ್ವಲ್ಪ ದೊಡ್ಡದು, ನಾಲಗೆ ಇದ್ದೂ ಇಲ್ಲದಂತೆ. ವಾಸನೆ ಕರ್ಪೂರದ್ದು. ಸೆಪ್ಟೆಂಬರ್ ಮೊದಲು ಸಾಮಾನ್ಯವಾಗಿ ಅರಳುವುದಿಲ್ಲ. ಮಾಗಿದ ಬುಟ್ಟಿ ಊದಿದರೆ ಬೀಜ ಗರಿ ಬಿಚ್ಚಿ ಹಾರುತ್ತದೆ. ಮೇಡಿಯಾದ ಬೀಜಕ್ಕೆ ಗರಿಯಿಲ್ಲ, ಅಲ್ಲೇ ಉದುರುತ್ತದೆ. ಸ್ಟಿಂಕ್‌ವರ್ಟ್ ಕೀಳುವಾಗ ಉದ್ದತೋಳಿನ ಅಂಗಿ, ಗ್ಲೌಸ್ ಕಡ್ಡಾಯ. ಕೆಲವರಿಗೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತದೆ. ಹೂವಿದ್ದರೆ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ. ಕಿತ್ತು ಅಲ್ಲೇ ಬಿಟ್ಟರೆ ಬೀಜ ಬಲಿತುಕೊಳ್ಳುತ್ತದೆ.

ಪ್ರಶ್ನೆ: ಹೂ ನೋಡಲು ದಕ್ಷಿಣ ಆಫ್ರಿಕಾದ ವಾಯವ್ಯ ಸೀಮೆ ನಮಾಕ್ವಾಲ್ಯಾಂಡಿಗೆ ಹೋಗಿದ್ದೆವು, ಬೆಳಿಗ್ಗೆ ಒಂಬತ್ತಕ್ಕೇ ಸೇರಿದ್ದೆವು. ಒಂದು ಹೂವೂ ಅರಳಿರಲಿಲ್ಲ!
— ಜೋಹಾನ್ಸ್‌ಬರ್ಗ್

ಉತ್ತರ: ಬೇಗ ಹೋದಿರಿ. ಅಲ್ಲಿನ ಕೇಸರಿ ಡೈಮಾರ್ಫೊತೀಕಾ, ಅರ್ಸಿನಿಯಾ, ಗಜೇನಿಯಾ ಯಾವುವೂ ಬಿಸಿಲು ಕಾಯದೆ ಬಾಯಿಬಿಡುವುದಿಲ್ಲ. ಹನ್ನೊಂದರಿಂದ ಮೂರರ ತನಕ, ಮೋಡವಿಲ್ಲದ ದಿನ, ಆಗಸ್ಟ್ ಎರಡನೇ ವಾರದಿಂದ ಸೆಪ್ಟೆಂಬರ್ ನಡುವಿನ ತನಕ. ಹೂಗಳು ಸೂರ್ಯನ ಕಡೆ ಮುಖ ಮಾಡುತ್ತವೆ, ಅಲ್ಲಿ ಸೂರ್ಯ ಉತ್ತರಕ್ಕೆ. ಹಾಗಾಗಿ ಉತ್ತರದಿಂದ ದಕ್ಷಿಣಕ್ಕೆ ಗಾಡಿ ಓಡಿಸಿ, ಇಲ್ಲವಾದರೆ ದಾರಿಯುದ್ದಕ್ಕೂ ಹೂವಿನ ಬೆನ್ನೇ ಕಾಣುತ್ತದೆ.

ಪ್ರಶ್ನೆ: ಇಲ್ಲಿನ ಗುಲಾಬಿ ಬಣ್ಣದ ಎವರ್‌ಲಾಸ್ಟಿಂಗ್ ಹೂ ಒಣಗಿದರೂ ಬಣ್ಣ ಬಿಡುವುದಿಲ್ಲವಲ್ಲ, ಯಾಕೆ? ಮನೆಯಲ್ಲಿ ಬೆಳೆದು ಗೌರಿ ಹಬ್ಬಕ್ಕೆ ಕೊಯ್ಯಬಹುದೇ?
— ಪರ್ತ್

ಉತ್ತರ: ಗುಲಾಬಿ ಇರುವುದು ಕಿರುಹೂವಲ್ಲ, ಬುಟ್ಟಿಯ ಸುತ್ತಲಿನ ಪತ್ರಗಳು. ಅವು ಹುಟ್ಟುವಾಗಲೇ ಕಾಗದದಂತೆ ಒಣ, ಬಾಡಲು ನೀರೇ ಇಲ್ಲ. ಏಪ್ರಿಲ್–ಮೇನಲ್ಲಿ ಮರಳುಮಣ್ಣಿನಲ್ಲಿ, ಪೂರ್ತಿ ಬಿಸಿಲಲ್ಲಿ ಬಿತ್ತಿದರೆ ಆಗಸ್ಟ್ ಕೊನೆ–ಸೆಪ್ಟೆಂಬರ್‌ಗೆ ಹೂ, ಗೌರಿಗೆ ಸರಿಯಾಗಿ. ಒಣಗಿಸಿಡಲು, ನಡುವಿನ ಹಳದಿ ಪೂರ್ತಿ ತೆರೆಯುವ ಮುಂಚೆಯೇ ಕೊಯ್ದು, ಕತ್ತಲೆಯಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ತೂಗುಹಾಕಿ. ಮನೆಯದನ್ನಷ್ಟೇ ಕೊಯ್ಯಿರಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸರಕಾರಿ ಜಾಗದ ಕಾಡುಹೂ ಕೀಳಲು ಪರವಾನಗಿ ಬೇಕು.

ಪ್ರಶ್ನೆ: ನಮ್ಮದು ರಾಜ್ಯದ ಅತಿ ಒಣ ಜಿಲ್ಲೆಗಳಲ್ಲೊಂದು. ಮಗಳು ಕ್ಯಾಲಿಫೋರ್ನಿಯಾದಿಂದ ಬರುವಾಗ ಗೋಲ್ಡ್‌ಫೀಲ್ಡ್ಸ್ ಬೀಜ ತರುತ್ತೇನೆ ಎನ್ನುತ್ತಾಳೆ. ಇಲ್ಲಿ ಬೆಳೆದೀತೇ?
— ಚಿತ್ರದುರ್ಗ

ಉತ್ತರ: ತರಿಸಬೇಡಿ. ಬೀಜವನ್ನು ಹೀಗೆ ಚೀಲದಲ್ಲಿ ಹಾಕಿಕೊಂಡು ಬರುವಂತಿಲ್ಲ. ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮ ಊರಿನ ರಸ್ತೆಬದಿಯ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇದೇ ಸೇವಂತಿಗೆ ಕುಟುಂಬದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಈಗ ದೇಶ ತುಂಬಿದೆ.

ಬೆಳೆಯುವುದೂ ಕಷ್ಟ. ಮಳೆ ಎಷ್ಟು ಕಡಿಮೆ ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ನಿಮ್ಮ ಮಳೆ ಬೆಚ್ಚಗಿನ ತಿಂಗಳುಗಳಲ್ಲಿ ಬರುತ್ತದೆ. ಆ ಮಣ್ಣಿನಲ್ಲಿ ಈ ಬೀಜ ಏಳುವುದಿಲ್ಲ, ಎದ್ದರೂ ಬುಡ ಕೊಳೆಯುತ್ತದೆ. ಅಂಥದೇ ಹಳದಿ ಹಾಸು ಬೇಕಿದ್ದರೆ ಆಗಸ್ಟ್‌ನಲ್ಲಿ ಹುಚ್ಚೆಳ್ಳು ಬಿತ್ತಿ. ಅದೂ ಈ ಕುಟುಂಬವೇ, ಅಂಚಿನಲ್ಲಿ ಎಂಟು ನಾಲಗೆ, ನಡುವೆ ಗುಬುಟು, ಜೇನ್ನೊಣ ಮುತ್ತುತ್ತವೆ. ಎರೆಮಣ್ಣಿದ್ದರೆ ಹೊಲದಂಚಿಗೆ ಎರಡು ಮೂರು ಸಾಲು ಕುಸುಬೆ ಹಾಕಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ. ಮುಳ್ಳಿನ ತಳಿಯಾದರೆ ದನವೂ ಒಳಗೆ ನುಗ್ಗುವುದಿಲ್ಲ.